ಹಳೇ ಗಾಡಿಗಳಿಗೂ ಒಂದು ಪೆಟ್ರೋಲ್ ಬೇಕು

ಸಂಪಾದಕರೇ,

ಕಬ್ಬು, ಮೆಕ್ಕೆಜೋಳದಿಂದ ಮಾಡುವ ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಪೇಪರಿನಲ್ಲಿ, ಟಿವಿಯಲ್ಲಿ ಬರುವ ಮಾತೆಲ್ಲ ಮೈಲೇಜಿನ ಸುತ್ತಲೇ ತಿರುಗುತ್ತಿದೆ. ಗ್ಯಾರೇಜಿನೊಳಗೆ ಏನಾಗುತ್ತಿದೆ ಅನ್ನುವುದು ಎಲ್ಲೂ ಬರುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಕಲಬುರಗಿಯಲ್ಲಿ ಹಳೇ ಗಾಡಿಗಳ ರಿಪೇರಿ ಮಾಡುವವನು. ನನ್ನ ಕೈಗೆ ಬರುವ ಗಾಡಿಗಳಲ್ಲಿ 1966ರ ಒಂದು ಫೋರ್ಡ್ ಮಸ್ಟಾಂಗ್ ಕೂಡ ಇದೆ. ಊರಿನ ಸಾಹುಕಾರರೊಬ್ಬರದು, ಅವರ ತಂದೆಯವರು ಹೈದರಾಬಾದಿನಿಂದ ತಂದದ್ದು. ಅಮೆರಿಕದ ಸ್ಪೋರ್ಟ್ಸ್ ಕಾರು ಅಂದ ಕೂಡಲೇ "ರೊಕ್ಕ ಇದ್ದವರ ಶೋಕಿ, ಬಿಡ್ರಿ" ಅನ್ನುವವರು ಇರುತ್ತಾರೆ. ಅನ್ನಲಿ. ಆದರೆ ಈ ಕಾರಿಗೆ ಬಂದ ರೋಗವೇ ಮೇಷ್ಟ್ರ ಹಳೇ ಸ್ಕೂಟರಿಗೂ, ಹಾಲು ಹಾಕುವವರ ಮೊಪೆಡ್ಡಿಗೂ, ತೊಗರಿಗೆ ಔಷಧ ಹೊಡೆಯುವ, ಪೆಟ್ರೋಲಿನಲ್ಲಿ ಓಡುವ ಸ್ಪ್ರೇ ಪಂಪಿಗೂ ಬರುತ್ತಿದೆ. ಕಾರಿನಲ್ಲಿ ಅದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಮೊದಲು ಕಾರಿನ ಪರವಾಗಿ ಒಂದೆರಡು ಮಾತು. ಮಸ್ಟಾಂಗ್ ಬಂದದ್ದು 1964ರ ಏಪ್ರಿಲ್ 17ಕ್ಕೆ, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಎರಡು ವರ್ಷ ತುಂಬುವುದರೊಳಗೆ 10 ಲಕ್ಷ ಕಾರು ತಯಾರಾದವು. ಅಷ್ಟು ಗಾಡಿ ಓಡಿದ್ದಕ್ಕೆ ಅಲ್ಲಿ ಇವತ್ತಿಗೂ ಅದರ ಸಾಮಾನು ಹೊಸದಾಗಿ ಮಾಡುತ್ತಾರೆ. ಬಾಗಿಲ ರಬ್ಬರಿನಿಂದ ಹಿಡಿದು ಡ್ಯಾಶ್‌ಬೋರ್ಡಿನ ಗುಂಡಿಯವರೆಗೆ ಎಲ್ಲ ತರಿಸಬಹುದು, ದುಡ್ಡು ಮತ್ತು ತಾಳ್ಮೆ ಇದ್ದರೆ. ನಮ್ಮದೇ ದೇಶದ ಹಳೇ ಕಾಂಟೆಸ್ಸಾ ಕಾರಿಗೆ ಒಂದು ಬೀಡಿಂಗ್ ಪಟ್ಟಿ ಹುಡುಕಿ ನೋಡಿ, ಗೊತ್ತಾಗುತ್ತದೆ. ಇನ್ನು ಇದರ ಬೋಲ್ಟುಗಳೆಲ್ಲ ಇಂಚಿನವು. ಅರ್ಧ ಇಂಚು, ಒಂಬತ್ತು ಹದಿನಾರನೇ ಇಂಚು, ಹೀಗೆ. ಈಗಿನ ಹುಡುಗರ ಡಬ್ಬಿಯಲ್ಲಿ ಆ ಪಾನಾ ಇರುವುದಿಲ್ಲ. ಅಂಬಾಸಡರ್, ಜೀಪು ಬಿಚ್ಚಿದ ಹಳಬರ ಹತ್ತಿರ ಇರುತ್ತದೆ. ಹೊಸಬರು ಬಾನೆಟ್ ಎತ್ತಿದ ಕೂಡಲೇ ಸ್ಕ್ಯಾನರ್ ಎಲ್ಲಿ ಹಚ್ಚಬೇಕು ಅಂತ ಹುಡುಕುತ್ತಾರೆ, ಪಾಪ. ಇಲ್ಲಿ ಬೇಕಾಗಿರುವುದು ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ನಡುವೆ 17 ಥೌ, ಅಂದರೆ ಇಂಚಿನ ಸಾವಿರದಲ್ಲಿ 17 ಪಾಲು, ಗ್ಯಾಪ್ ಕೂಡಿಸಿ, ಟೈಮಿಂಗ್ ನೋಡಿದರೆ 4.7 ಲೀಟರಿನ ವಿ8 ಇಂಜಿನ್ ಮಾತು ಕೇಳುತ್ತದೆ. ಕೇಳುತ್ತಿತ್ತು ಅನ್ನಬೇಕೇನೋ.

ಈಗ ಏನಾಗಿದೆ ಅಂದರೆ, ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೆಮ್ಮುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಸತ್ತಂತಾಗಿ ಆಮೇಲೆ ಎಳೆಯುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿದೆ. ಮುಚ್ಚಳ ತೆಗೆದು ಪೆಟ್ರೋಲ್ ಸುರಿದರೆ ಫ್ಲೋಟ್ ಇರುವ ಬಟ್ಟಲಿನ ತಳದಲ್ಲಿ ಬಿಳಿ ಪುಡಿ. ಉಗುರಿನಿಂದ ಕೆರೆದರೆ ಕೆಳಗೆ ಲೋಹ ಸಣ್ಣಗೆ ಕುಳಿ ಬಿದ್ದಿದೆ. ಮುಂದುಗಡೆ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಇರುತ್ತದಲ್ಲ, ಕಾಲು ಒತ್ತಿದಾಗ ಪಿಚಕಾರಿ ಹೊಡೆಯುವ ರಬ್ಬರು, ಅದು ಉಬ್ಬಿ ಅಂಚಿನಲ್ಲಿ ಸುಕ್ಕುಗಟ್ಟಿತ್ತು. ಬೆರಳಿಂದ ಒತ್ತಿದರೆ ಮೇಣದ ಹಾಗೆ ಮೆತ್ತಗೆ. ಟ್ಯಾಂಕಿನಿಂದ ಬರುವ ರಬ್ಬರ್ ಹೋಸಿನ ಒಳಪದರ ಕಿತ್ತು ಬಂದು ಫಿಲ್ಟರಿನಲ್ಲಿ ಕರಿ ಚೂರು ಕೂತಿತ್ತು.

ಇದಕ್ಕೆಲ್ಲ ಕಾರಣ ಇದೆ. ಎಥನಾಲ್ ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಜಾಸ್ತಿಯಾದರೆ, ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೈಪು ಎಳೆಯುವುದು ತಳದಿಂದಲೇ ಅಲ್ವಾ? ಕಬ್ಬಿಣದ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಮಸ್ಟಾಂಗಿನಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಅದು ತೂತಾದರೆ ನೀವು ಲಗೇಜ್ ಇಡುವುದು ಪೆಟ್ರೋಲಿನ ಮೇಲೆ. ಇದರ ಜೊತೆಗೆ ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿಗೆ ಅಂತ ಕೊರೆದ ಹಳೇ ಜೆಟ್‌ಗಳಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತುಗಳಲ್ಲಿ) ಇಂಧನ ಕಮ್ಮಿ ಬೀಳುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಅದನ್ನು ಸರಿ ಮಾಡಿಕೊಳ್ಳುತ್ತದೆ. ಇಲ್ಲಿ ಕಂಪ್ಯೂಟರ್ ನಾನೇ.

ನಮ್ಮ ಊರಿನ ಬಿಸಿಲು ಬೇರೆ. ಮೇ ತಿಂಗಳಲ್ಲಿ ಮಧ್ಯಾಹ್ನ ಹುಮನಾಬಾದ್ ರಸ್ತೆಯಲ್ಲಿ ಓಡಿಸಿಕೊಂಡು ಬಂದು ಹತ್ತು ನಿಮಿಷ ಆಫ್ ಮಾಡಿದರೆ ಸಾಕು, ಇಂಜಿನ್ ಕಾವಿಗೆ ಕಾರ್ಬ್ಯುರೇಟರಿನಲ್ಲೇ ಪೆಟ್ರೋಲ್ ಕುದಿಯುತ್ತದೆ. ಆಮೇಲೆ ಸೆಲ್ಫ್ ಹೊಡೆದದ್ದೇ ಬಂತು. ಹಸಿ ಬಟ್ಟೆ ಸುತ್ತಿ ಕಾಯಬೇಕು. ಎಡಗಡೆ ಸ್ಟೇರಿಂಗ್ ಇರುವ ಕಾರು ನಡುರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತರೆ ಎಷ್ಟು ಜನ ಸೆಲ್ಫಿಗೆ ಸೇರುತ್ತಾರೆ ಅಂತ ಬೇರೆ ಹೇಳಬೇಕಿಲ್ಲ.

ಇದರಲ್ಲಿ ಜೀವಕ್ಕೆ ಅಪಾಯವೂ ಇದೆ. ಇಂಜಿನ್ ಮುಂಭಾಗದಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಇದೆ, ಒಳಗೆ ರಬ್ಬರ್ ಡಯಾಫ್ರಾಮ್. ಅದು ಹರಿದರೆ ಪೆಟ್ರೋಲ್ ಸೀದಾ ಇಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋಸ್ ಬಿರಿದು, ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಹನಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ನಾನು ಎಥನಾಲ್ ವಿರೋಧಿ ಅಲ್ಲ. ನನ್ನ ತಮ್ಮ ಅಫಜಲಪುರ ಕಡೆ ಕಬ್ಬು ಬೆಳೆಯುತ್ತಾನೆ. ಕಬ್ಬು, ಮೆಕ್ಕೆಜೋಳಕ್ಕೆ ಇನ್ನೊಂದು ಗಿರಾಕಿ ಸಿಕ್ಕಿದ್ದು ಒಳ್ಳೇದೇ. ನನ್ನ ತಕರಾರು ಬೇರೆ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಶುರುವಾಯಿತು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು 2025ಕ್ಕೇ ಮುಟ್ಟಿದರು. ಆದರೆ ನೀತಿ ಆಯೋಗ 2021ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಹಳೇ ಗಾಡಿಗಳಿಗಾಗಿ ಶೇ 10ರ ಪೆಟ್ರೋಲನ್ನೂ ಉಳಿಸಿಕೊಳ್ಳಬೇಕು ಅಂತ ಇತ್ತು. ಶೇ 20 ಬಂತು, ಶೇ 10 ಎಲ್ಲಿ ಹೋಯಿತು? ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಅಂತ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ಕ್ಕೆ ವಜಾ ಮಾಡಿತು. ಸರಿ, ಕೋರ್ಟಿನ ಮಾತು ಮುಗಿಯಿತು. ಸರ್ಕಾರದ ಕೈಯನ್ನಂತೂ ಯಾರೂ ಕಟ್ಟಿಲ್ಲ.

ಇನ್ನೊಂದು ತಮಾಷೆ ಕೇಳಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ. ಈ ನಿಯಮದಡಿ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ ಮತ್ತು ಇಂಧನ ತುಂಬಿಸಲು ಮಾತ್ರ ರಸ್ತೆಗೆ ತರಬಹುದು. ಅಂದರೆ ಬಂಕಿಗೆ ಹೋಗಲು ಕಾನೂನು ಅನುಮತಿ ಕೊಟ್ಟಿದೆ, ಬಂಕಿನಲ್ಲಿ ಅದಕ್ಕೆ ಆಗುವ ಪೆಟ್ರೋಲ್ ಇಲ್ಲ!

ಒಂದೇ ಬಂಕಿನಲ್ಲಿ ಎರಡು ಥರದ ಪೆಟ್ರೋಲ್ ಮಾರುವುದು ಕಷ್ಟ ಅನ್ನುವವರಿಗೆ 1995 ನೆನಪಿಸಬೇಕು. ಆ ವರ್ಷ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂದಾಗ ಸೀಸದ ಪೆಟ್ರೋಲೂ ಪಕ್ಕದಲ್ಲೇ ಸಿಗುತ್ತಿತ್ತು. ದೇಶದ ತುಂಬ ಸೀಸ ಪೂರ್ತಿ ನಿಂತದ್ದು 2000ದಲ್ಲಿ. ನಡುವೆ ಐದು ವರ್ಷ ಟೈಮ್ ಇತ್ತು. ಸೀಸ ಹೋದರೆ ಹಳೇ ಇಂಜಿನ್ನಿನ ವಾಲ್ವ್ ಸೀಟ್, ಅಂದರೆ ವಾಲ್ವ್ ಕೂರುವ ಜಾಗ, ಸವೆಯುತ್ತದೆ ಅಂತ ಗೊತ್ತಿದ್ದವರು ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ಲೇತಿಗೆ ಕೊಟ್ಟು ಗಟ್ಟಿ ಸೀಟ್ ಹಾಕಿಸಿಕೊಂಡರು. ಈ ಸಲ ಅಂಥ ಟೈಮೂ ಕೊಡಲಿಲ್ಲ, ಒಂದು ಬೋರ್ಡೂ ಹಾಕಲಿಲ್ಲ. ನಾನು ಹೋಗುವ ಬಂಕಿನಲ್ಲಿ ಕೇಳಿದರೆ "ಎಲ್ಲಾ ಒಂದೇ ಅದ, ಎಷ್ಟು ಹಾಕಲಿ ಹೇಳ್ರಿ" ಅನ್ನುತ್ತಾರೆ.

ಸದ್ಯಕ್ಕೆ ನನ್ನ ಗಿರಾಕಿಗಳಿಗೆ ಹೇಳುವುದು ಇಷ್ಟು. ಗಾಡಿ ತಿಂಗಳ ಮೇಲೆ ನಿಲ್ಲಿಸುವುದಿದ್ದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಖಾಲಿ ಮಾಡಿ. ಎಥನಾಲ್ ತಡೆಯುವ ಹೋಸ್ ಹಾಕಿಸಿ, ಸ್ವಲ್ಪ ದುಬಾರಿ, ಆದರೂ ಹಾಕಿಸಿ. ಎಲ್ಲವೂ ಒರಿಜಿನಲ್ಲೇ ಇರಬೇಕು ಅಂತ ಹಟ ಹಿಡಿಯುವವರು ರಬ್ಬರಿನ ವಿಷಯದಲ್ಲಿ ಹಟ ಬಿಡಬೇಕು. ಬ್ರೇಕಿನ ವಿಷಯದಲ್ಲೂ ಅಷ್ಟೇ. ಆ ಕಾಲದ ಮಸ್ಟಾಂಗಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್. ಒಂದು ಕಡೆ ಸೋರಿದರೆ ಪೂರ್ತಿ ಬ್ರೇಕೇ ಹೋಗುತ್ತದೆ. ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸಿದರೆ ಕಾರಿನ ಮರ್ಯಾದೆಯೇನೂ ಹೋಗಲ್ಲ.

ಸರ್ಕಾರಕ್ಕೂ ತೈಲ ಕಂಪನಿಗಳಿಗೂ ನಿಮ್ಮ ಪತ್ರಿಕೆ ಮೂಲಕ ಕೇಳುವುದು ಎರಡೇ. ಪ್ರತಿ ನಳಿಕೆಯ ಮೇಲೆ ಎಥನಾಲ್ ಎಷ್ಟಿದೆ ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಜಿಲ್ಲಾ ಕೇಂದ್ರದ ಒಂದು ಬಂಕಿನಲ್ಲಾದರೂ ಶೇ 10ರ ಪೆಟ್ರೋಲ್ ಇಡಿ. ಎರಡು ರೂಪಾಯಿ ಜಾಸ್ತಿ ಆದರೂ ಹಾಕಿಸಿಕೊಳ್ಳುವವರು ಇದ್ದಾರೆ.

— ಹಳೇ ಗಾಡಿಗಳ ಮೆಕ್ಯಾನಿಕ್, ಕಲಬುರಗಿ