ಭಾನುವಾರದ ಬಬಲ್ ಟೀ ಭೇಟಿ: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ, ಈ ಭಾನುವಾರ ಸಂಜೆ 5 ಗಂಟೆಗೆ ಶಿವಮೊಗ್ಗದ ದುರ್ಗಿಗುಡಿಯ ಬಬಲ್ ಟೀ ಅಂಗಡಿಗೆ ಹೋಗಿ, ಕುಡಿದು ಅಂಕ ಕೊಡುವುದೆಂದು ನಿಶ್ಚಯವಾಗಿದ್ದು, ಬರುವವರು ಗೋಪಿ ವೃತ್ತದಲ್ಲಿ ಸೇರಬೇಕಾಗಿ ವಿನಂತಿ. 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ ಈ ಚಹಾ ಪಾನೀಯದ ಜೀವಾಳವೇ ಅದರಲ್ಲಿ ಹಾಕುವ ಪುಟ್ಟ ಉಂಡೆಗಳು, ಅಂದರೆ ಮುತ್ತುಗಳು. ನಮ್ಮ ಸಬ್ಬಕ್ಕಿಯಂತೆಯೇ ಮರಗೆಣಸಿನ ಪಿಷ್ಟದಿಂದ ಮಾಡುವ ಅವು ಬೇಯಿಸಿದ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿಬಿಡುವುದರಿಂದ, ಅಂಕ ಕೊಡುವ ಮೊದಲು ಒಂದನ್ನು ನಿಧಾನವಾಗಿ ಅಗಿದು, ನಡುವೆ ಗಟ್ಟಿಯಾದ ಗಂಟು ಹಲ್ಲಿಗೆ ಸಿಗುತ್ತದೆಯೇ ಎಂದು ನೋಡಿರಿ. ಕಳೆದ ವಾರ ನಾನೊಬ್ಬನೇ ಹೋಗಿ ಕುಡಿದಾಗ ಮುತ್ತು ಹದವಾಗಿತ್ತು, ಸಕ್ಕರೆ ಮಾತ್ರ ಪಾಯಸವನ್ನೂ ಮೀರಿಸುವಂತಿತ್ತು. ಆದ್ದರಿಂದ ಸಿಹಿ ಕಡಿಮೆಯಿರಲಿ ಎಂದು ಮೊದಲೇ ಹೇಳುವುದು ಒಳ್ಳೆಯದು. ಮುತ್ತಿಗೆ 5, ಚಹಾಕ್ಕೆ 3, ಉಳಿದದ್ದಕ್ಕೆ 2 ಅಂಕಗಳಂತೆ ನಿಮ್ಮ ಲೆಕ್ಕವನ್ನು ಅಂದು ರಾತ್ರಿಯೇ ಗುಂಪಿಗೆ ಕಳುಹಿಸಿರಿ. ಖರ್ಚು ಅವರವರದೇ.