ನಿದ್ದೆಯನ್ನು ಮರಳಿ ಕೊಟ್ಟವರಿಗೆ ವಂದನೆಗಳು

ಕಳೆದ ಮಂಗಳವಾರ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನನ್ನ ಚೀಟಿಯ ಮೇಲೆ ‘ಇನ್ನು ಬರಬೇಕಾದ ಅಗತ್ಯವಿಲ್ಲ, ತೊಂದರೆ ಮರುಕಳಿಸಿದರೆ ಮಾತ್ರ ಬರುವುದು’ ಎಂದು ಬರೆದುಕೊಟ್ಟರು. ತೀವ್ರ ನಿದ್ರಾಹೀನತೆಯಿಂದ ನಾನು ಬಳಲುತ್ತಿದ್ದುದು ಊರಿನಲ್ಲಿ ಬಹಳ ಜನರಿಗೆ ಗೊತ್ತಿದ್ದ ಸಂಗತಿ. ಆದ್ದರಿಂದ ಗುಣವಾದದ್ದನ್ನೂ, ಅದಕ್ಕೆ ಕಾರಣರಾದವರನ್ನೂ ಎಲ್ಲರೆದುರು ನೆನೆಯುವುದು ನ್ಯಾಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ. ‘ಯಾವ ಮಾತ್ರೆ ತೆಗೆದುಕೊಂಡೆ, ಎಷ್ಟು ಖರ್ಚಾಯಿತು’ ಎಂದು ಕೇಳುವವರಿಗೂ ಇದರಲ್ಲಿ ಉತ್ತರ ಸಿಗಬಹುದು.

ತಾಯಿಯವರ ಕೊನೆಯ ಕಾಯಿಲೆಯ ತಿಂಗಳುಗಳಲ್ಲಿ ರಾತ್ರಿ ಎರಡೆರಡು ತಾಸಿಗೊಮ್ಮೆ ಎದ್ದು ಅವರಿಗೆ ಔಷಧ ಕೊಡುವುದು ನನ್ನ ಪಾಲಿಗೆ ಬಂದಿತ್ತು. ಅವರು ತೀರಿಕೊಂಡ ಮೇಲೂ ಆ ಎಚ್ಚರ ನನ್ನನ್ನು ಬಿಡಲಿಲ್ಲ. ಪಟ್ಟಣದ ಖಾಸಗಿ ಚಿಕಿತ್ಸಾಲಯವೊಂದರಲ್ಲಿ, ಆತಂಕ ಇಳಿಸಿ ನಿದ್ದೆ ಬರಿಸುವ ಅಲ್ಪ್ರಾಜೋಲಾಮ್ ಮಾತ್ರೆ ಬರೆದುಕೊಟ್ಟರು. ಎಷ್ಟು ದಿನ ನುಂಗಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ಯಾರೂ ಹೇಳದೆ ತಿಂಗಳು ತಿಂಗಳು ಅದೇ ಚೀಟಿ ಮುಂದುವರಿಯಿತು. ಇನ್ನೊಂದೆಡೆ ತಲೆಗೆ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ಮಾಡುವ ನಿದ್ರಾ ಪರೀಕ್ಷೆಗೆ, ಸಹಕಾರಿ ಸಂಘದ ಗುಮಾಸ್ತನಾದ ನನ್ನ ಕೈಗೆಟುಕದಷ್ಟು ಹಣ ಕೇಳಿದರು. ವಿಶೇಷ ಹಾಸಿಗೆ, ತಲೆಗೆ ಹಚ್ಚುವ ಎಣ್ಣೆ, ಡಬ್ಬಿಗಳಲ್ಲಿ ಬರುವ ಚೂರ್ಣಗಳಿಗೆ ಸುರಿದ ಹಣದ ಲೆಕ್ಕವನ್ನು ಲೆಕ್ಕ ಬರೆಯುವುದೇ ಕಸುಬಾದ ನಾನೂ ಬರೆದಿಡಲಿಲ್ಲ.

ಮೊದಲ ವಂದನೆ ನಮ್ಮ ಔಷಧ ಅಂಗಡಿಯ ಯಜಮಾನರಿಗೆ. ಚೀಟಿಯ ಅವಧಿ ಮುಗಿದಿದ್ದಾಗ, ಪರಿಚಯದ ಸಲುಗೆಯಿಂದ ನಾನು ಎಷ್ಟು ಒತ್ತಾಯಿಸಿದರೂ ಅವರು ಮಾತ್ರೆ ಕೊಡಲಿಲ್ಲ. ‘ಇದು ಶೆಡ್ಯೂಲ್ ಎಚ್ 1 ಔಷಧ, ಅಂದರೆ ವೈದ್ಯರ ಚೀಟಿಯಿಲ್ಲದೆ ಕೊಡಬಾರದ್ದು, ಕೊಟ್ಟಿದ್ದನ್ನೆಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆದರೆ ನಾನು ಹೇಳುತ್ತಿರುವುದು ಕಾನೂನಿನ ಭಯದಿಂದಲ್ಲ, ನಿಮಗೆ ಇದು ಅಭ್ಯಾಸವಾಗಿದೆ’ ಎಂದರು. ಆಮೇಲೆ 14416ಕ್ಕೆ ಕರೆ ಮಾಡಲು ತಿಳಿಸಿದವರೂ ಅವರೇ. 2022ರ ಅಕ್ಟೋಬರ್ 10ರಂದು ಆರಂಭವಾದ, ಮಾನಸಿಕ ಆರೋಗ್ಯಕ್ಕೆಂದೇ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಅದು. ಉಚಿತ, ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಆ ಕಡೆಯಿಂದ ಮಾತನಾಡಿದ ಹೆಣ್ಣುಮಗಳ ಹೆಸರು ನನಗೆ ತಿಳಿಯದು. ನಡುರಾತ್ರಿಯಲ್ಲಿ ಅವಸರವಿಲ್ಲದೆ ಕೇಳಿಸಿಕೊಂಡು, ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಒಮ್ಮೆಲೇ ನಿಲ್ಲಿಸಬಾರದೆಂದು ಎಚ್ಚರಿಸಿ, ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆಂದು ತಿಳಿಸಿದ ಆಕೆಗೆ ನನ್ನ ನಮಸ್ಕಾರ ಸಲ್ಲಲಿ.

ಆಸ್ಪತ್ರೆಯ ವೈದ್ಯರು ಮೊದಲು ಗೊರಕೆಯ ವಿಚಾರವನ್ನು ನನ್ನನ್ನಲ್ಲ, ನನ್ನ ಹೆಂಡತಿಯನ್ನು ಕೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ರಾತ್ರಿ ಕಾಲು ಚಡಪಡಿಸುತ್ತದೆಯೇ ಎಂದು ವಿಚಾರಿಸಿದರು. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿದರು. ಉಸಿರುಗಟ್ಟುವ ಲಕ್ಷಣವಿಲ್ಲದವರಿಗೆ, ಬರಿಯ ನಿದ್ರಾಹೀನತೆಗಾಗಿ ಆ ದುಬಾರಿ ನಿದ್ರಾ ಪರೀಕ್ಷೆ ಬೇಕಿಲ್ಲವೆಂದು ಅವರು ಹೇಳಿದಾಗ ನನ್ನ ಹೆಂಡತಿ ಬಿಟ್ಟ ನಿಟ್ಟುಸಿರು ಕೋಣೆಯ ಹೊರಗೆ ಕುಳಿತವರಿಗೂ ಕೇಳಿಸಿರಬೇಕು. ನಿದ್ರಾಹೀನತೆ ಎಷ್ಟು ತೀವ್ರವೆಂದು ಅಳೆಯುವ ಏಳು ಪ್ರಶ್ನೆಗಳ ಒಂದು ಹಾಳೆಯಲ್ಲಿ 28ಕ್ಕೆ ನನಗೆ 24 ಅಂಕ ಬಂದಿತು. 22 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರವೆಂದು ಲೆಕ್ಕ. ಜೀವನದಲ್ಲಿ ಕಡಿಮೆ ಅಂಕ ಬರಲೆಂದು ಹರಸಿಕೊಂಡ ಪರೀಕ್ಷೆ ಅದೊಂದೇ.

ಅಲ್ಲಿಯ ಆಪ್ತಸಮಾಲೋಚಕರಿಗೆ ಸಲ್ಲಬೇಕಾದ ಕೃತಜ್ಞತೆ ಎಲ್ಲಕ್ಕಿಂತ ದೊಡ್ಡದು. ನಿದ್ದೆ ಕೆಡಲು ಕಾರಣವಾದದ್ದು ಬೇರೆ, ಕೆಟ್ಟ ನಿದ್ದೆಯನ್ನು ಹಾಗೆಯೇ ಉಳಿಸಿಕೊಂಡು ಬರುವುದು ಬೇರೆ ಎಂಬುದನ್ನು ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ತಾಯಿಯವರ ಕಾಯಿಲೆ ಮುಗಿದುಹೋದ ಸಂಗತಿ. ಆದರೆ ಬೇಗ ಮಲಗಿದರೆ ಸ್ವಲ್ಪವಾದರೂ ನಿದ್ದೆ ಬಂದೀತೆಂದು ರಾತ್ರಿ ಎಂಟೂವರೆಗೇ ಹಾಸಿಗೆ ಸೇರುವುದು, ಗಡಿಯಾರ ನೋಡುತ್ತ ಹೊರಳಾಡುವುದು, ಹೋದ ನಿದ್ದೆಯನ್ನು ಮಧ್ಯಾಹ್ನ ತುಂಬಿಕೊಳ್ಳಲು ಹೋಗುವುದು, ಇವೆಲ್ಲ ಸೇರಿ ಹಾಸಿಗೆಯೆಂದರೆ ಎಚ್ಚರದ ಜಾಗವೆಂದು ದೇಹಕ್ಕೆ ಪಾಠವಾಗಿಬಿಟ್ಟಿದೆ ಎಂದರು. ಸಿಬಿಟಿ-ಐ ಎಂದು ಕರೆಯುವ, ನಿದ್ರಾಹೀನತೆಗೆಂದೇ ರೂಪಿಸಿದ ಚಿಕಿತ್ಸೆ ಈ ಪಾಠವನ್ನು ಅಳಿಸುತ್ತದೆ. ಹಾಸಿಗೆಯನ್ನು ನಿದ್ದೆಗೆ ಮಾತ್ರ ಮೀಸಲಿಡುವ ವಿಧಾನವನ್ನು 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್, ಮಲಗುವ ಅವಧಿಯನ್ನೇ ಕಡಿಮೆ ಮಾಡುವ ವಿಧಾನವನ್ನು 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು ವಿವರಿಸಿದರಂತೆ. ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲಿ, ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಶಿಫಾರಸು ಮಾಡಿದೆ.

ಇದಕ್ಕೆ ಬೇಕಾದ ಸಾಮಗ್ರಿ ಹಾಳೆ ಮತ್ತು ಪೆನ್ನು. ಸಂಘದ ಹಳೆಯ ರಸೀದಿಗಳ ಖಾಲಿ ಬೆನ್ನಿನ ಮೇಲೆ, ಮಲಗಿದ್ದು, ಸುಮಾರಿಗೆ ನಿದ್ದೆ ಹತ್ತಿದ್ದು, ಎಚ್ಚರವಾದದ್ದು, ಹಾಸಿಗೆ ಬಿಟ್ಟದ್ದು ಎಂದು ನಾಲ್ಕು ಅಂಕಣ ಎಳೆದುಕೊಂಡು ಪ್ರತಿದಿನ ಬೆಳಿಗ್ಗೆ ತುಂಬಿದೆ. ಒಂಬತ್ತು ತಾಸು ಹಾಸಿಗೆಯಲ್ಲಿದ್ದರೂ ನಿದ್ದೆ ಬರುತ್ತಿದ್ದುದು ಐದು ತಾಸು. ಆದ್ದರಿಂದ ನನಗೆ ಗೊತ್ತುಮಾಡಿಕೊಟ್ಟ ಅವಧಿ ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆ. ಹಾಸಿಗೆಯಲ್ಲಿ ಕಳೆದ ಸಮಯದ ಶೇ. 85ರಷ್ಟು ನಿದ್ದೆಯಾಗುವ ಹಾಗಾದ ಮೇಲೆ, ವಾರಕ್ಕೆ ಹದಿನೈದು ನಿಮಿಷದಂತೆ ಅದನ್ನು ಹಿಗ್ಗಿಸುವುದು. ನಿದ್ದೆಯಿಲ್ಲದವನಿಗೆ ಇನ್ನೂ ಕಡಿಮೆ ಮಲಗೆಂದು ಹೇಳುವುದು ವಿಚಿತ್ರವಾಗಿ ತೋರುತ್ತದೆ, ಆದರೆ ಹಸಿವೆಯಾಗದವನಿಗೆ ಲಂಘನ ಹಾಕಿಸಿದಂತೆಯೇ ಇದೂ ಕೆಲಸ ಮಾಡುತ್ತದೆ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ವಾಹನ ಚಾಲನೆಯೇ ಉದ್ಯೋಗವಾಗಿರುವವರು ಇದನ್ನು ವೈದ್ಯರ ಗಮನಕ್ಕೆ ತಾರದೆ ಮಾಡಬಾರದು.

ಹಣದ ಮಟ್ಟಿಗೆ ಇದು ಅಗ್ಗ. ಮನೆಮಂದಿಯ ಶ್ರಮದ ಲೆಕ್ಕದಲ್ಲಿ ಮಾತ್ರ ಬಹಳ ದುಬಾರಿ. ಒಂಬತ್ತಕ್ಕೇ ಕಣ್ಣೆಳೆಯುವ ಮನುಷ್ಯನನ್ನು ಹನ್ನೆರಡರವರೆಗೆ ಎಚ್ಚರವಾಗಿಡಬೇಕಲ್ಲ! ಆ ಹೊಣೆಯನ್ನು ನಮ್ಮ ದೊಡ್ಡಮ್ಮ ತಾವಾಗಿಯೇ ಹೊತ್ತುಕೊಂಡರು. ಎಪ್ಪತ್ತು ದಾಟಿದ ಅವರು ಅಟ್ಟದ ಮೇಲಿಂದ ಚೆನ್ನೆಮಣೆ ಇಳಿಸಿ, ಮಂಜಟ್ಟಿ ಕಾಳು ತುಂಬಿ, ಊಟವಾದ ಮೇಲೆ ಜಗಲಿಯಲ್ಲಿ ಎದುರು ಕೂರುತ್ತಿದ್ದರು. ನನ್ನ ತಲೆ ವಾಲಿದರೆ ‘ತಮಾ, ಹನ್ನೆರಡಾಗಲೆ ಇನ್ನೂ ಅರ್ಧ ತಾಸಿದ್ದು, ಆಟ ಆಡು’ ಎಂದು ಮಣೆಯನ್ನು ಬೆರಳಿನಿಂದ ತಟ್ಟುವರು. ಕೈಯಲ್ಲಿ ಕಾಳು ಹಿಡಿದುಕೊಂಡೇ ಅವರೇ ತೂಕಡಿಸಿದ ರಾತ್ರಿಗಳೂ ಇದ್ದವು; ಆದರೂ ಎಬ್ಬಿಸಿದರೆ, ಯಾವ ಗುಳಿಯಿಂದ ಕಾಳು ತೆಗೆದಿದ್ದರೆಂಬುದು ಅವರಿಗೆ ಸರಿಯಾಗಿ ನೆನಪಿರುತ್ತಿತ್ತು. ಮಲಗಿ ಇಪ್ಪತ್ತು ನಿಮಿಷದಷ್ಟಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂರಬೇಕೆಂಬ ನಿಯಮಕ್ಕೂ ಅವರದೇ ಉಪಾಯ: ಮಂದ ದೀಪದ ಕೆಳಗೆ ಒಂದು ಬುಟ್ಟಿ ಹತ್ತಿ ಇಟ್ಟು, ದೇವರ ಬತ್ತಿ ಹೊಸೆಯಲು ಹೇಳಿದರು. ಅಷ್ಟು ಬೇಸರ ತರುವ, ಅಷ್ಟು ಬೇಗ ಆಕಳಿಕೆ ತರಿಸುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಊಟದ ನಂತರದ ಎಲೆಯಡಿಕೆಯ ಕವಳವನ್ನು ಬಿಡಬೇಕೆಂದು ಹೇಳಿದ್ದು ಅಡಿಕೆಯನ್ನೇ ನಂಬಿದ ಸೀಮೆಯವನಿಗೆ ಕಿವಿಗೆ ಹಿತವಾದ ಮಾತಾಗಿರಲಿಲ್ಲ. ಆದರೆ ಹೊಗೆಸೊಪ್ಪಿನ ನಿಕೋಟಿನ್, ಅಡಿಕೆಯ ಅರೆಕೋಲಿನ್ ಎರಡೂ ಎಚ್ಚರವನ್ನು ಕೆರಳಿಸುವಂಥವು. ಹೆಂಡತಿ ಕವಳದ ಹರಿವಾಣವನ್ನೇ ಕಪಾಟಿಗೆ ಸೇರಿಸಿ, ಸಂಜೆಯ ಚಹಾದ ಬದಲು ಕೊತ್ತಂಬರಿ-ಜೀರಿಗೆ ಕಷಾಯ ಕೊಡತೊಡಗಿದಳು. ಬೆಳಗಿನ ಐದೂವರೆಗೆ, ಹಿಂದಿನ ರಾತ್ರಿ ಹೇಗೇ ಕಳೆದಿರಲಿ, ಕರುಣೆ ತೋರದೆ ಎಬ್ಬಿಸಿದವಳೂ, ಭಾನುವಾರದ ಮಧ್ಯಾಹ್ನ ಮಲಗಗೊಡದೆ ತೋಟಕ್ಕೆ ಕರೆದೊಯ್ದವಳೂ ಅವಳೇ. ಮಾತ್ರೆಯ ಪ್ರಮಾಣವನ್ನು ವೈದ್ಯರು ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದಾಗ, ಹಳೆಯ ಚಡಪಡಿಕೆ ಹೆಚ್ಚಾಗಿ ನಾನು ಸಿಡುಕಿದ ದಿನಗಳನ್ನು ಅವಳು ಈಗ ನೆನಪಿಸುವುದಿಲ್ಲ. ಅದಕ್ಕೂ ಸೇರಿಸಿ ಕೃತಜ್ಞನಾಗಿದ್ದೇನೆ.

ಮೊದಲ ವಾರಗಳ ಹಗಲು ತೂಕಡಿಕೆಯನ್ನು ಮುಂಚಿತವಾಗಿ ತಿಳಿಸಿದಾಗ, ಸಂಘದ ಕಾರ್ಯದರ್ಶಿಯವರು ನನ್ನನ್ನು ನಗದು ಕೌಂಟರಿನಿಂದ ಬಿಡುಗಡೆ ಮಾಡಿ ಹಳೆಯ ಖಾತೆಗಳನ್ನು ತಾಳೆ ನೋಡುವ ಕೆಲಸಕ್ಕೆ ಹಚ್ಚಿದರು; ನಾನು ಬೈಕ್ ಓಡಿಸಬಾರದೆಂದು ಸಹೋದ್ಯೋಗಿಯೊಬ್ಬರು ದಿನವೂ ಮನೆಯವರೆಗೆ ಬಂದು ಹಿಂದೆ ಕೂರಿಸಿಕೊಂಡು ಹೋದರು. ಗಸಗಸೆ ಪಾಯಸ ಮಾಡಿ ಕಳುಹಿಸಿದ ನೆರೆಹೊರೆಯ ತಾಯಂದಿರನ್ನೂ ಮರೆಯಲಾರೆ. ಅದರಿಂದ ನನ್ನ ನಿದ್ರಾಹೀನತೆ ಹೋಗಲಿಲ್ಲವಾದರೂ, ಪಾಯಸದ ವಿಷಯದಲ್ಲಿ ನನ್ನ ದೂರೇನೂ ಇಲ್ಲ.

ಈಗ ನಾನು ಮಲಗುವುದು ಹತ್ತೂಮುಕ್ಕಾಲಕ್ಕೆ. ಅದೇ ಏಳು ಪ್ರಶ್ನೆಗಳಿಗೆ ಕಳೆದ ಮಂಗಳವಾರ ಬಂದ ಅಂಕ 6. ಒಂದೊಂದು ರಾತ್ರಿ ಇಂದಿಗೂ ಎಚ್ಚರವಾಗುತ್ತದೆ, ಬತ್ತಿಯ ಬುಟ್ಟಿ ಇದ್ದಲ್ಲಿಯೇ ಇದೆ. ನಾಲ್ಕು ಅಂಕಣಗಳ ಹಾಳೆಯ ಕೆಲವು ಪ್ರತಿಗಳನ್ನು ಮಾಡಿಸಿ ಸಂಘದಲ್ಲಿ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಒಯ್ಯಬಹುದು, ಒಂದೆರಡು ವಾರ ತುಂಬಿಕೊಂಡು ಹೋದರೆ ವೈದ್ಯರಿಗೂ ಅನುಕೂಲ. ಆಸ್ಪತ್ರೆಗೆ ಹೋಗುವಾಗ, ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಸಾಧ್ಯವಾದರೆ ನಿಮ್ಮ ಗೊರಕೆಯನ್ನು ಬಲ್ಲ ಒಬ್ಬರನ್ನೂ ಜೊತೆಗೆ ಕರೆದೊಯ್ಯಿರಿ.