ಆ ಪುಡಿಯಲ್ಲಿ ಸಿಲಿಮರಿನ್ ಎಷ್ಟಿದೆ?

ಮಾನ್ಯರೇ,

ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ‘ಲಿವರ್ ಶುದ್ಧಿ’ ಶಿಬಿರದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಸಿಟ್ಟು ಬಂತು. ಮಿಲ್ಕ್ ಥಿಸಲ್ ಎಂಬ ಗಿಡದ ಬೀಜದ ಪುಡಿಯನ್ನು ಕುದಿಸಿ ಕುಡಿದರೆ ಯಕೃತ್ತು (ಲಿವರ್) ಶುದ್ಧವಾಗುತ್ತದೆ ಎಂದು ಅಲ್ಲಿ ಪೊಟ್ಟಣ ಮಾರಿದ್ದಾರೆ. ಬೆಳಿಗ್ಗೆಯಿಂದ ನಮ್ಮ ಔಷಧ ಅಂಗಡಿಗೆ ಬಂದವರದೆಲ್ಲ ಒಂದೇ ಪ್ರಶ್ನೆ, ‘ಮಿಲ್ಕ್ ಥಿಸಲ್ ಪುಡಿ ಇದೆಯಾ?’ ಡಾಕ್ಟರು ಬರೆದ ರಕ್ತ ಪರೀಕ್ಷೆಯ ಚೀಟಿ ಜೇಬಿನಲ್ಲೇ ಉಳಿದಿದೆ, ಕೈಯಲ್ಲಿ ನಿಮ್ಮ ಪತ್ರಿಕೆಯ ತುಂಡು. ಒಬ್ಬೊಬ್ಬರಿಗೂ ವಿವರಿಸುವಷ್ಟರಲ್ಲಿ ಇನ್ಸುಲಿನ್‌ಗೆ ಬಂದವರು ಹಿಂದೆ ನಿಂತು ಬೈಯುತ್ತಾರೆ.

ಆ ಪುಡಿಯಲ್ಲಿ ಸಿಲಿಮರಿನ್, ಅಂದರೆ ಯಕೃತ್ತಿಗೆ ಒಳ್ಳೆಯದು ಎನ್ನುವ ಸತ್ವ, ಎಷ್ಟಿದೆ ಎಂದು ಮಾರಿದವರು ಹೇಳಿಲ್ಲ, ವರದಿಗಾರರು ಕೇಳಿಲ್ಲ. ಈ ಗಿಡದ ಸತ್ವ ಇರುವುದು ಬೀಜದಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ. ಪ್ರಮಾಣ ಶೇ 1.5ರಿಂದ 3, ಅದರಲ್ಲಿ ಮುಖ್ಯವಾದದ್ದು ಸಿಲಿಬಿನ್. ಬೀಜದಲ್ಲಿ ಸುಮಾರು ಕಾಲು ಭಾಗ ಎಣ್ಣೆ. ಮೊದಲು ಎಣ್ಣೆ ತೆಗೆದು, ಉಳಿದ ಹಿಂಡಿಯಿಂದ ಆಲ್ಕೋಹಾಲ್ ಅಥವಾ ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ಸಾರ ಇಳಿಸಿ ಒಣಗಿಸಿದಾಗ ಸಿಲಿಮರಿನ್ ಶೇ 70–80ಕ್ಕೆ ಏರುತ್ತದೆ. ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 140 ಮಿ.ಗ್ರಾಂ., ದಿನಕ್ಕೆ ಮೂರು. ಚಮಚಕ್ಕೆ 3 ಗ್ರಾಂ ಪುಡಿ ಹಿಡಿದು, ಶೇ 2ರಂತೆ ಲೆಕ್ಕ ಹಾಕಿದರೆ 60 ಮಿ.ಗ್ರಾಂ. ಅದನ್ನೂ ಕುದಿಸಿ ಸೋಸಿ ಕುಡಿಯಿರಿ ಎಂದಿದ್ದಾರೆ! ಸಿಲಿಮರಿನ್ ನೀರಿನಲ್ಲಿ ಕರಗುವುದೇ ಅತ್ಯಲ್ಪ. ಹೆಚ್ಚಿನದು ಚರಟದಲ್ಲೇ ಉಳಿದು ಕಸಕ್ಕೆ ಹೋಗುತ್ತದೆ. ಪುಡಿ ಮಾಡಿಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ, ತೇವ ತಗಲಿದರೆ ಬೂಷ್ಟು ಬರುತ್ತದೆ. ಬೂಷ್ಟಿನ ವಿಷ ಮೊದಲು ಹೋಗುವುದೇ ಯಕೃತ್ತಿಗೆ. ಸೇವಂತಿಗೆ ಜಾತಿಯ ಹೂಗಳಿಗೆ ಅಲರ್ಜಿ ಇರುವವರೂ ಎಚ್ಚರದಿಂದಿರಬೇಕು.

ಗಿಡ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಯುರೋಪಿನಲ್ಲಿ ‘ಡೆತ್ ಕ್ಯಾಪ್’ ಎಂಬ ವಿಷದ ಅಣಬೆ ತಿಂದವರಿಗೆ ಆಸ್ಪತ್ರೆಯಲ್ಲಿ ಸಿಲಿಬಿನ್‌ನ ಕರಗುವ ರೂಪವನ್ನು ರಕ್ತನಾಳಕ್ಕೇ ಕೊಡುತ್ತಾರೆ. ವಿಷ ಯಕೃತ್ತಿನ ಕೋಶದೊಳಗೆ ಹೋಗದಂತೆ ಅದು ತಡೆಯುತ್ತದೆ. ಅದು ಡ್ರಿಪ್, ಕಷಾಯವಲ್ಲ. ಹೆಪಟೈಟಿಸ್ ಸಿ ಇದ್ದ 154 ಮಂದಿಯಲ್ಲಿ ಕೆಲವರಿಗೆ ಸಿಲಿಮರಿನ್ ಅನ್ನು 700 ಮಿ.ಗ್ರಾಂ.ವರೆಗೆ ದಿನಕ್ಕೆ ಮೂರು ಸಲ, 24 ವಾರ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. ಬರೀ ಹುಸಿ ಮಾತ್ರೆ ನುಂಗಿದವರಿಗಿಂತ ಸಿಲಿಮರಿನ್ ನುಂಗಿದವರ ಫಲಿತಾಂಶ ಮೇಲಾಗಲಿಲ್ಲ ಎಂದು 2012ರಲ್ಲಿ ಪ್ರಕಟವಾಗಿದೆ. ಇದನ್ನು ಒಂದು ಸಾಲಿನಲ್ಲಾದರೂ ಬರೆಯಬಾರದಿತ್ತೇ?

ಅಷ್ಟಕ್ಕೂ ಇಲ್ಲಿ ಕಾಮಾಲೆ ಬರುವುದು ಯಾಕೆ? ಚರಂಡಿಯೊಳಗೇ ಹಾದುಹೋಗುವ ನಲ್ಲಿ ಪೈಪಿನಿಂದ. ಹೆಪಟೈಟಿಸ್ ಎ, ಇ ಎರಡೂ ಹೆಚ್ಚಾಗಿ ಕೊಳಚೆ ಬೆರೆತ ನೀರಿನಲ್ಲೇ ಬರುತ್ತವೆ. ಪೈಪ್ ಬದಲಿಸಿ ಎಂದು ಎಷ್ಟು ಅರ್ಜಿ ಕೊಟ್ಟರೂ ಎಂಜಿನಿಯರು ಬಂದು ನೋಡಿ, ಬ್ಲೀಚಿಂಗ್ ಪುಡಿ ಎರಚಿಸಿ ಹೋಗುತ್ತಾರೆ. ಔಷಧ ಅಂಗಡಿಯ ಬಿಲ್ ಪುಸ್ತಕದಲ್ಲಿ ಒಂದು ಸಹಿ ತಪ್ಪಿದರೆ ನೋಟಿಸ್ ಕೊಡುವ ಔಷಧ ಇಲಾಖೆಯವರಿಗೆ, ತಯಾರಿಸಿದ ದಿನಾಂಕವೇ ಇಲ್ಲದ ಪೊಟ್ಟಣ ಸಮುದಾಯ ಭವನದಲ್ಲಿ ಮಾರಾಟವಾದದ್ದು ಕಾಣಲಿಲ್ಲ. ಭವನ ಬಾಡಿಗೆಗೆ ಕೊಟ್ಟವರು ಯಾರು? ಅವರನ್ನು ಕೇಳಿ. ಆ ಪೊಟ್ಟಣವನ್ನು ಪರೀಕ್ಷೆಗೆ ಕಳಿಸಿ, ಇಲ್ಲವಾದರೆ ಪೈಪನ್ನಾದರೂ ಸರಿಮಾಡಿಸಿ. ಎರಡರಲ್ಲಿ ಒಂದನ್ನೂ ಮಾಡದೆ ಸಂಬಳ ಎಣಿಸುತ್ತಾ ಕೂತವರಿಗೆ ನಾಚಿಕೆಯಾಗಬೇಕು.

— ಬಡಾವಣೆಯ ಫಾರ್ಮಸಿಸ್ಟ್